ಪೇರಲದ ಡಬ್ಬಿ ಮತ್ತು ದೊಡ್ಡವ್ವನ ಮೂಗು

ದೊಡ್ಡವ್ವನ ಎಡ ಹೊಳ್ಳೆಯ ಮೂಗುಬೊಟ್ಟಿನಲ್ಲಿ ಏಳು ಹರಳುಗಳಿದ್ದವು. ಒಂದು ಉದುರಿಹೋಗಿ, ಆ ಗುಣಿಯಲ್ಲಿ ಸದಾ ಕಡಲೆ ಹಿಟ್ಟು ಕೂತಿರುತ್ತಿತ್ತು. ಏನನ್ನಾದರೂ ಮೂಸುವಾಗ ಅವರು ಆ ಹೊಳ್ಳೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ಬಲ ಹೊಳ್ಳೆಯನ್ನಷ್ಟೇ ಕೆಲಸಕ್ಕೆ ಹಚ್ಚುತ್ತಿದ್ದರು. ಯಾಕೆಂದು ಕೇಳಿದರೆ, "ಆ ಕಡಿ ಬಂಗಾರ ಅದ. ಬಂಗಾರ ಇದ್ದಲ್ಲಿ ಖರೇ ಹೇಳೋರು ಕಮ್ಮಿ" ಎನ್ನುತ್ತಿದ್ದರು.

ಶಹಾಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವಿಲ್ಲದಿದ್ದರೂ ನನಗೆ ಅವರು ದೊಡ್ಡವ್ವ. ಹಬ್ಬ, ಮದುವೆ, ಜಂಗಮರ ಊಟವಿದ್ದ ಮನೆಗಳಿಗೆ ಅಡುಗೆಗೆ ಹೋಗುತ್ತಿದ್ದರು. ದೇವರಿಗೆ ಎಡೆ ಹಿಡಿಯುವ ಮೊದಲು ಅಡುಗೆಯನ್ನು ಬಾಯಿಗೆ ಹಾಕಿದರೆ ಎಂಜಲು. ಹಾಗಾಗಿ ಉಪ್ಪು, ಹುಳಿ, ಬೆಲ್ಲ ಎಲ್ಲದರ ತೀರ್ಮಾನವೂ ಮೂಗಿನದೇ. ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುವವರನ್ನು ಅವರು ಅಡುಗೆಯವರೆಂದೇ ಒಪ್ಪುತ್ತಿರಲಿಲ್ಲ. ಪ್ಯಾಕೆಟ್ ಮಸಾಲೆ, ತಲೆಗೆ ಬಿಳಿ ಟೋಪಿ ಇಟ್ಟ ಕೇಟರಿಂಗ್ ಹುಡುಗರು, ಆಹಾರ ವಿಜ್ಞಾನದಲ್ಲಿ ನಾನು ಮಾಡಿದ ಎಂ.ಎಸ್ಸಿ., ಈ ಮೂರೂ ಅವರಿಗೆ ಒಂದೇ.

"ಉಪ್ಪ ಎಷ್ಟದ ಅಂತ ಮಶೀನಿಗೆ ಕೇಳಾಕಿ" ಎಂದು ನನ್ನನ್ನು ಬಂದವರಿಗೆ ಪರಿಚಯಿಸುತ್ತಿದ್ದರು.

ಒಮ್ಮೆ ದೊಡ್ಡ ವ್ಯಾಪಾರಿಯೊಬ್ಬರ ಮನೆಗೆ ಹುಗ್ಗಿ ಮಾಡಲು ಹೋದಾಗ ನಾನೂ ಜೊತೆಗಿದ್ದೆ. ಬೆಲ್ಲದ ಪೆಂಟೆ ಒಡೆದು ಮೂಸಿದವರೇ ಪಕ್ಕಕ್ಕೆ ಸರಿಸಿದರು. "ಹುಳಿತು ಹೋಗ್ಯದ್ರಿ. ಬ್ಯಾರೆ ತರಿಸ್ರಿ."

ಯಜಮಾನರು ನಕ್ಕರು. "ತಿಂದು ನೋಡಬೇ, ಮೊದಲ."

"ತಿಂದ ಮ್ಯಾಲ ನಿಮ್ಮ ದೇವರಿಗೆ ಏನ್ ಕೊಡ್ಲಿ?"

ಬೇರೆ ಬೆಲ್ಲ ಬರಲಿಲ್ಲ. ದೊಡ್ಡವ್ವ ಸೌಟನ್ನು ತೊಳೆದು ಬೋರಲು ಹಾಕಿ ಮನೆಗೆ ನಡೆದರು. ಆ ಓಣಿಯ ನಾಲ್ಕು ಮನೆಗಳವರು ಮತ್ತೆಂದೂ ಅವರನ್ನು ಕರೆಯಲಿಲ್ಲ. ಅದನ್ನು ಅವರು ಒಂದು ದಿನವೂ ಆಡಿಕೊಂಡಿದ್ದು ನನಗೆ ನೆನಪಿಲ್ಲ.

ಡಿಗ್ರಿ ಮುಗಿಸಿ ಎರಡು ವರ್ಷ ನಾನು ಕೆಲಸವಿಲ್ಲದೆ ಮನೆಯಲ್ಲಿದ್ದೆ. ಕೊನೆಗೆ ಒಂದು ಪಾನೀಯ ಕಂಪನಿ ನನ್ನನ್ನು ಕಡೆಯ ಸುತ್ತಿಗೆ ಆರಿಸಿತು. ಮೂರು ಡಬ್ಬಿ ಕೊರಿಯರಿನಲ್ಲಿ ಬಂದವು: ಪೇರಲ ಹಣ್ಣಿನ ಕ್ರಾಫ್ಟ್ ಬಿಯರ್, ಮದ್ಯರಹಿತ. ಕುಡಿದು, ರುಚಿಯನ್ನು ನೂರು ಪದಗಳಲ್ಲಿ ಬರೆದು ಮರುದಿನ ಬೆಳಿಗ್ಗೆಯೊಳಗೆ ಕಳಿಸಬೇಕಿತ್ತು. ಬರಹ ಹಿಡಿಸಿದರೆ ಕೆಲಸ. ಅಪ್ಪ ಕೊರಿಯರಿನ ರಟ್ಟಿನ ಪೆಟ್ಟಿಗೆಯನ್ನು ಹರಿಯದಂತೆ ಮಡಚಿ ಅಟ್ಟದ ಮೇಲೆ ಎತ್ತಿಟ್ಟರು.

ಸಂಜೆ ಹಿತ್ತಲ ಕಟ್ಟೆಯ ಮೇಲೆ ಕೂತು ಕುಡಿದೆ. ಮೊದಲು ಸಕ್ಕರೆ, ಆಮೇಲೆ ಜೋಳ ನೆನೆಸಿಟ್ಟ ನೀರು, ಕೊನೆಗೆ ಮಕ್ಕಳ ಕೆಮ್ಮಿನ ಔಷಧಿ. ಆದರೆ ನಾನು ಬರೆದದ್ದು: "ಈಗಷ್ಟೇ ಕೊಯ್ದ ಪೇರಲದ ತಿರುಳು ನಾಲಿಗೆಯ ಮೇಲೆ ಮೆಲ್ಲಗೆ ಅರಳುತ್ತದೆ." ಗೋಡೆಯಾಚೆ ಇದ್ದ ದೊಡ್ಡವ್ವನಿಗೆ ಅದನ್ನು ಓದಿ ಹೇಳಿದೆ. ಹೊಗಳಿಕೆ ಬೇಕಿತ್ತು ಅನಿಸುತ್ತದೆ.

"ಇಲ್ಲಿ ಕೊಡು" ಎಂದು ಡಬ್ಬಿಗೆ ಕೈ ಚಾಚಿದರು.

"ಶೆರಿ ಇಲ್ರಿ ಇದರಾಗ, ನಿಶಾ ಏರೂದಿಲ್ಲ. ಒಂದ ಗುಟುಕು ಕುಡದು ನೋಡ್ರಿ."

"ಶೆರಿ ಇಲ್ಲಂದ್ರ ಶೆರಿ ಹೆಸರ್ಯಾಕ ಇಟ್ಟಾರ?"

ಹೆಬ್ಬೆರಳು ಮೂಗುಬೊಟ್ಟಿನ ಮೇಲೆ ಹೋಯಿತು. ಒಮ್ಮೆ ಮೂಸಿದರು. ಎರಡನೇ ಸಲ ಮೂಸುವಷ್ಟೂ ಗೌರವ ಕೊಡಲಿಲ್ಲ.

"ಪೇರಲ ವಾಸನಿ ಊದಬತ್ತಿ ಇದು. ಕುಡಿಯಾವಗ ನಿಶಾ ಬೇಕು, ತಿನ್ನಾವಗ ಹಣ್ಣು ಬೇಕು. ಎರಡೂ ಇಲ್ಲದ್ದು ಯಾರಿಗೆ ಮಾಡ್ಯಾರ?" ಆಮೇಲೆ ನನ್ನ ಕೈಯಲ್ಲಿದ್ದ ಹಾಳೆ ನೋಡಿದರು. "ತಿರುಳು ಅರಳತದ ಅಂತ ಬರದೀಯಲ್ಲ, ಅದು ನಿನ್ನ ನಾಲಿಗಿ ಹೇಳ್ತೋ, ಪಗಾರ ಹೇಳ್ತೋ?"

ಉತ್ತರಕ್ಕೆ ಕಾಯದೆ ಅವರು ಉಳಿದದ್ದನ್ನು ಮೋರಿಗೆ ಸುರಿದು ಖಾಲಿ ಡಬ್ಬಿಯನ್ನು ಗೋಡೆಯ ಮೇಲಿಟ್ಟು ಒಳಗೆ ಹೋದರು.

ಆ ಕೆಲಸ ನನಗೆ ಸಿಗಲಿಲ್ಲ. ಈಗ ಯಾದಗಿರಿಯಲ್ಲಿ ಕುಡಿಯುವ ನೀರು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನೀರು ಕೆಟ್ಟಿದ್ದರೆ ಕೆಟ್ಟಿದೆ ಎಂದು ಬರೆಯುತ್ತೇನೆ, ಬೈಸಿಕೊಂಡೂ ಇದ್ದೇನೆ. ದೊಡ್ಡವ್ವ ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಅವರ ಎಡೆಗೆ ಬೇರೆಯವರು ಮಾಡಿದ ಹುಗ್ಗಿಯಲ್ಲಿ ಏಲಕ್ಕಿ ಹೆಚ್ಚಾಗಿತ್ತು. ಅದನ್ನು ನಾನು ಬಾಗಿಲಲ್ಲಿ ನಿಂತೇ ತಿಳಿದೆ.

ಅಂದು ದೊಡ್ಡವ್ವ ಡಬ್ಬಿ ಮೂಸಿದ ಮರುದಿನ ಬೆಳಿಗ್ಗೆ, ಅಪ್ಪ ಏಳುವ ಮೊದಲೇ ಬರೆದದ್ದನ್ನೆಲ್ಲ ಅಳಿಸಿ, "ಇದರಲ್ಲಿ ಪೇರಲದ ವಾಸನೆ ಇದೆ, ಪೇರಲ ಇಲ್ಲ" ಎಂದಷ್ಟೇ ಬರೆದು ಕಂಪನಿಗೆ ಕಳಿಸಿದೆ. ಬಸ್ ನಿಲ್ದಾಣದ ಬಳಿ ತಿಂಥಣಿ ಕಡೆಯ ಪೇರಲ ಬಂದಿದ್ದವು. ಗಾಡಿಯವನು ಗೊಣಗಿದರೂ ಒಂದೊಂದನ್ನೇ ಮೂಸಿ ಒಂದನ್ನು ಆರಿಸಿದೆ. ಹೆಚ್ಚಿ ದೊಡ್ಡವ್ವನ ಮುಂದಿಟ್ಟೆ. ಅವರ ಹೆಬ್ಬೆರಳು ಮೇಲೇಳಲಿಲ್ಲ. ಮೂಸದೆ ಒಂದು ಹೋಳು ಬಾಯಿಗೆ ಹಾಕಿಕೊಂಡರು.

"ಎಂ.ಎಸ್ಸಿ. ಮಾಡೀದಿ, ಉಪ್ಪ ತರೂದು ತಿಳೀಲಿಲ್ಲ" ಎಂದರು.

ನಾನು ಉಪ್ಪು ತರಲು ಎದ್ದೆ.