ಓನರಮ್ಮನ ಪಿಸ್ತೂಲು

…ಅಥವಾ ಎಡಗೈ ಹೆಬ್ಬೆರಳೇ ಇರಬೇಕು. ಬಲಗೈ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಬೆರಳು ಕಪ್ಪಗಿದ್ದದ್ದು ಮಾತ್ರ ಖಂಡಿತ. ಉಗುರಿನ ಬುಡದಲ್ಲಿ ಅರಿಶಿನದ ಹಳದಿ, ತುದಿಯಲ್ಲಿ ಮಸಿಯ ಗೆರೆ, ಎಷ್ಟು ತಿಕ್ಕಿದರೂ ಹೋಗದಂಥದ್ದು. ಆ ಕೈಯಿಂದಲೇ ಮನೆಯೊಡತಿ ನನಗೆ ಬಾಡಿಗೆ ಮಹಡಿಯ ಬೀಗದ ಕೈ ಕೊಟ್ಟರು. ಬೋಗಾದಿಯಲ್ಲಿ ಇನ್ನೂ ಸೌದೆ ಒಲೆ ಇಟ್ಟುಕೊಂಡಿದ್ದಾರೆ ಪಾಪ ಎಂದುಕೊಂಡೆ. ಕೊಳೆತ ಮೊಟ್ಟೆಯಂಥ ಸಣ್ಣ ವಾಸನೆಯೂ ಬಂತು. ಅಥವಾ ಆ ವಾಸನೆಯನ್ನು ಆಮೇಲೆ, ಅದು ಏನೆಂದು ತಿಳಿದ ಮೇಲೆ, ನಾನೇ ಆ ಮೊದಲ ದಿನಕ್ಕೆ ತಂದು ಸೇರಿಸಿದೆನೋ ಏನೋ. ನನ್ನ ನೆನಪು ಇಂಥ ಕೆಲಸ ಮಾಡುತ್ತದೆ. ಅದಕ್ಕೇ ಈ ಬರಹದಲ್ಲಿ ಅದನ್ನು ಅರ್ಧ ಮಾತ್ರ ನಂಬಿದ್ದೇನೆ.

ಮೊದಲ ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಬಟ್ಟೆ ಒಣಹಾಕಲು ಇಳಿದಾಗ ಸಂಗತಿ ತಿಳಿಯಿತು. ಒಗೆಯುವ ಕಲ್ಲಿನ ಮೇಲೆ ಬಿಸಿನೀರಿನ ಚೊಂಬು, ಸೋಪಿನ ಚೂರು, ಅವುಗಳ ನಡುವೆ ಉದ್ದ ನಳಿಗೆಯ ಒಂದು ಪಿಸ್ತೂಲು. ಕಾಫಿ ಪಾತ್ರೆ ತೊಳೆಯುವಷ್ಟೇ ನಿರಾಳವಾಗಿ ಅವರು ಅದನ್ನು ತೊಳೆಯುತ್ತಿದ್ದರು. ನಳಿಗೆಯಿಂದ ಅದೇ ವಾಸನೆಯ ಮಸಿನೀರು ಸುರಿಯುತ್ತಿತ್ತು.

"ಎದ್ರುಕೋಬೇಡ ಕಣಮ್ಮ," ಅಂದರು, ತಲೆ ಎತ್ತದೆ. "ಲೈಸೆನ್ಸ್ ಐತೆ. ಬಾಡಿಗೆ ಕೇಳಕ್ಕೆ ಇಟ್ಕೊಂಡಿರೋದಲ್ಲ."

ಅವರನ್ನು ಎಲ್ಲರೂ ಓನರಮ್ಮ ಎನ್ನುತ್ತಿದ್ದರು. ಬಾಡಿಗೆಯವರು, ಹಾಲಿನ ಅಂಗಡಿಯವನು, ಕೊನೆಗೆ ಅವರ ಸೊಸೆ ಕೂಡ. ಮನೆ ಮೊದಲು ಗಂಡನ ಹೆಸರಿನಲ್ಲಿತ್ತು, ಗಂಡ ಹೋದ ಮೇಲೆ ಮಕ್ಕಳ ಹೆಸರಿಗಾಯಿತು. ಸುತ್ತಲ ಹೊಲ ಅದಕ್ಕೂ ಮೊದಲೇ ಲೇಔಟಾಗಿತ್ತು. "ನನ್ನೆಸರಲ್ಲಿ ಇರೋದು ಇದೊಂದೇಯ," ಎಂದು ಒಮ್ಮೆ ಲೈಸೆನ್ಸಿನ ಪುಸ್ತಕ ತೆರೆದು ತೋರಿಸಿದ್ದರು. ಅದರಲ್ಲಿ ಅವರ ಫೋಟೋ. ಕೂದಲು ಇನ್ನೂ ಕಪ್ಪು, ಮುಖದಲ್ಲಿ ಜಗಳಕ್ಕೆ ನಿಂತವರ ಗತ್ತು.

ಪಿಸ್ತೂಲು ಓನರಮ್ಮನ ಮಾವನವರಿಂದ ಬಂದದ್ದು. ಅವರಿಗೆ ಎಲ್ಲಿಂದ ಬಂತು ಎಂದು ಕೇಳಿದಾಗಲೆಲ್ಲ ಬೇರೆ ಉತ್ತರ. ಅರಮನೆಯ ಲಾಯದಲ್ಲಿ ಕುದುರೆ ನೋಡಿಕೊಂಡಿದ್ದಕ್ಕೆ ಯಾರೋ ಕೊಟ್ಟರು. ಇಲ್ಲ, ಯಾವುದೋ ಬಂಗಲೆಯ ಹರಾಜಿನಲ್ಲಿ ಕುರ್ಚಿಗಳ ಜೊತೆ ಬಂತು. ಇಲ್ಲ, ಪಂದ್ಯ ಕಟ್ಟಿ ಗೆದ್ದದ್ದು. ಇವುಗಳಲ್ಲಿ ಒಂದನ್ನು ಆರಿಸಬೇಕೆಂದು ನನಗೆ ಯಾವತ್ತೂ ಅನಿಸಲಿಲ್ಲ. ಮಾವ ಮಗನಿಗೆ ಕಲಿಸಲು ಹೋಗಿ, ಮಗ ಸದ್ದಿಗೆ ಕಿವಿ ಮುಚ್ಚಿಕೊಂಡು ಮನೆಯೊಳಗೆ ಹೋದದ್ದರಿಂದ ಸೊಸೆಯಾದ ಇವರಿಗೆ ಕಲಿಸಿದರು ಎಂಬುದು ಮಾತ್ರ ಎಲ್ಲ ಕಥೆಗಳಲ್ಲೂ ಇತ್ತು. "ಅಗೋ, ಆ ಹುಡುಗ್ರ ಪೀಜಿ ಇದೆಯಲ್ಲ, ಅಲ್ಲೇ ರಾಗಿ ಹೊಲದಲ್ಲಿ ಮಡಕೆ ಇಟ್ಟು ಹೊಡೀತಿದ್ದೆ," ಎನ್ನುತ್ತಿದ್ದರು. "ಈಗ ಹೊಡದ್ರೆ ನಾಕು ಇಂಜಿನಿಯರು ಉದುರ್ತವೆ."

ಹೊಲ ಹೋದ ಮೇಲೆ ಅವರು ನಗರದ ಹೊರಗಿನ ಒಂದು ಶೂಟಿಂಗ್ ಕ್ಲಬ್ಬಿಗೆ ಹೋಗತೊಡಗಿದರು. ಒಮ್ಮೆ ಆಟೋ ಸಿಗದಿದ್ದಾಗ ನನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ, ಆಮೇಲೆ ಪ್ರತಿ ಭಾನುವಾರ ಅದೇ ರೂಢಿಯಾಯಿತು. ಹಿಂದಿನ ಸೀಟಿನಲ್ಲಿ ಓನರಮ್ಮ, ಅವರ ಮಡಿಲಲ್ಲಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಪಿಸ್ತೂಲು. ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಪೊಲೀಸರಿಗೆ ಅದು ಊಟದ ಡಬ್ಬಿ ಇದ್ದಂತೆ ಕಾಣುತ್ತಿತ್ತು. ನನಗೆ ಒಳಗೊಳಗೇ ಹಿಗ್ಗು. ಆ ಮೆರವಣಿಗೆಯ ಸಾರಥಿ ನಾನು.

ಕ್ಲಬ್ಬಿನಲ್ಲಿ ಅವರದು ಕೊನೆಯ ಜಾಗ, ಹೊಗೆಯ ಕಾರಣಕ್ಕೆ. ಪಕ್ಕದವರು ಟಪಟಪನೆ ಹೊಡೆದು ಮುಗಿಸಿ ಮೊಬೈಲು ನೋಡುತ್ತಿರುವಾಗ ಇವರು ಇನ್ನೂ ಒಂದು ಗುಂಡನ್ನು ತುಂಬುತ್ತಿರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಬಿಗಿದು, ನಳಿಗೆಯ ಬಾಯಿಗೆ ಅಳತೆಯ ಪುಟ್ಟ ಚಮಚದಿಂದ ಕರಿಮದ್ದು. ಅದರ ಮೇಲೆ ಹಳೇ ಹತ್ತಿ ಸೀರೆಯ ಚೂರಿನಲ್ಲಿ ಕೂರಿಸಿದ ಸೀಸದ ಗುಂಡು. ಗಜ ಎನ್ನುವ ಕಡ್ಡಿಯಿಂದ ಅದನ್ನು ತಳದವರೆಗೆ ದೂಡುವುದು. ಕೊನೆಗೆ ಹಿಂದುಗಡೆಯ ತೂತಿನ ಮೊಳೆಯ ಮೇಲೆ ತಾಮ್ರದ ಪುಟ್ಟ ಕೇಪು, ಮದ್ದಿಗೆ ಕಿಡಿ ಕೊಡುವುದು ಅದೇ. ಆಮೇಲೆ ಒಂಟಿ ಕೈ ಚಾಚಿ ಹೊಡೆದರೆ ಸದ್ದಿಗಿಂತ ಹೊಗೆಯೇ ದೊಡ್ಡದು. ಹೊಗೆ ತಿಳಿಯಾಗುವವರೆಗೆ ಗುರಿ ತಾಗಿತೋ ಇಲ್ಲವೋ ಅವರಿಗೂ ಗೊತ್ತಾಗುತ್ತಿರಲಿಲ್ಲ. ಆ ಕ್ಷಣವೇ ಅವರಿಗೆ ತುಂಬ ಇಷ್ಟ ಎಂದು ನನ್ನ ಊಹೆ.

ಮೇಜಿನ ಎಡಕ್ಕೆ ಒಂದಷ್ಟು ಹುಣಸೆಬೀಜ ಇಟ್ಟುಕೊಳ್ಳುತ್ತಿದ್ದರು. ಮದ್ದು ಸುರಿದ ಕೂಡಲೇ ಒಂದು ಬೀಜವನ್ನು ಬಲಕ್ಕೆ ಸರಿಸುವುದು. ಬೀಜ ಸರಿಯುವವರೆಗೆ ಗುಂಡನ್ನು ಮುಟ್ಟುವ ಹಾಗಿಲ್ಲ. ಯಾಕೆ ಎಂದಾಗ ಹೇಳಿದರು: "ಇಂಥ ಪಿಸ್ತೂಲು ಇಟ್ಕೊಂಡೋರೆಲ್ಲ ಒಂದಲ್ಲ ಒಂದ್ಸಲ ಮಾಡೋ ತಪ್ಪು ಒಂದದೆ. ಮಾತಾಡ್ತಾ ಮಾತಾಡ್ತಾ ಮದ್ದು ಮರ್ತು ಬರೀ ಗುಂಡು ತುಂಬ್ಬುಡೋದು. ಆಮೇಲೆ ಬಾಯಲ್ಲಿ ಲಡ್ಡು ಸಿಕ್ಕಾಕೊಂಡಂಗೆ, ಒಳಕ್ಕೂ ಓಗಲ್ಲ, ಈಚ್ಗೂ ಬರಲ್ಲ. ನಾನು ಮಾಡಿಲ್ಲ. ನಮ್ಮ ಮಾವ ಮಾಡಿದ್ರು." ತುಂಬುವಾಗ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಕ್ಲಬ್ಬಿನ ಕೋಚು, ಸೈನ್ಯದಿಂದ ನಿವೃತ್ತರಾದ ಗಟ್ಟಿ ಗಂಟಲಿನ ಮನುಷ್ಯ, ಅವರು ಕೂಡ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು.

ಆಯುಧಪೂಜೆಗೆ ಸೊಸೆ ಪಿಸ್ತೂಲಿಗೆ ಕುಂಕುಮ ಹಚ್ಚಲು ಬಂದರೆ ಹಿಡಿಗೆ ಮಾತ್ರ ಒಪ್ಪಿಗೆ. "ಕೇಪು ಕೂರೋ ಕಡೆ ಅಚ್ಬೇಡ, ತೂತು ಮುಚ್ಕೊಂಡ್ರೆ ದೇವ್ರು ಬಂದು ಊದ್ತಾನಾ?" ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನವರೆಲ್ಲ ತಮ್ಮ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಲ್ಲ, ಆಗ "ಬಾಣಂತನಕ್ಕೆ ಕಳ್ಸಿದೀನಿ" ಎನ್ನುತ್ತಿದ್ದರು. ವಾಪಸು ಬಂದ ದಿನ ಬಿಚ್ಚಿ ನೋಡಿ, ತುಕ್ಕಿನ ಒಂದು ಚುಕ್ಕೆ ಕಂಡರೂ ಇಡೀ ಇಲಾಖೆಗೆ ಮಂಗಳಾರತಿ.

ಒಂದು ಸಲ ಅದು ವಾಪಸು ಬರಲಿಲ್ಲ. ಚುನಾವಣೆ ಮುಗಿಯುವ ಹೊತ್ತಿಗೆ ಲೈಸೆನ್ಸಿನ ನವೀಕರಣದ ಗಡುವೂ ಬಂದಿತ್ತು. ಠಾಣೆಗೆ ಅವರ ಜೊತೆ ನಾನೂ ಹೋದೆ. ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಕುರ್ಚಿ ಹಾಕಿಸಿದರು, ಟೀ ತರಿಸಿದರು.

"ಅಮ್ಮಾ, ನಿಮ್ಗೆ ಇದ್ಯಾಕೆ ಹೇಳಿ. ವಯಸ್ಸಾಯ್ತು. ಸರೆಂಡರ್ ಮಾಡ್ಬುಡಿ, ಒಂದು ಸೈನ್ ಸಾಕು. ನಾಳೆ ಕೈ ನಡುಗಿ ಏನಾದ್ರೂ ಆದ್ರೆ ರಿಪೋರ್ಟ್ ಬರೆದೋನು ನಾನು."

"ಕೈ ನಡುಗುತ್ತೆ ಅಂತ ಯಾರಂದ್ರು?"

"ನಡುಗಲ್ಲ ಅಂತ ನಾನೆಂಗೆ ಬರೀಲಿ?"

"ಬಂದ್ ನೋಡಿ," ಅಂದರು ಓನರಮ್ಮ. "ನೋಡ್ಬುಟ್ಟು ಬರೀರಿ."

ಹಾಗೆ ತೀರ್ಮಾನವಾಯಿತು. ಭಾನುವಾರ ಕ್ಲಬ್ಬಿಗೆ ಪಿಸ್ತೂಲನ್ನು ಇನ್ಸ್‌ಪೆಕ್ಟರೇ ತರುತ್ತಾರೆ. ನೋಡಿ ಸರಿ ಎನಿಸಿದರೆ ಮನೆಗೆ, ಇಲ್ಲದಿದ್ದರೆ ಅಲ್ಲಿಂದಲೇ ಸರ್ಕಾರಕ್ಕೆ. ಸ್ಕೂಟರಿನಲ್ಲಿ ಓನರಮ್ಮನನ್ನು ಮನೆಗೆ ಕರೆತಂದೆ. ಗೇಟಿನ ಹತ್ತಿರ ಇಳಿದು, "ಅದನ್ನೂ ಕೊಟ್ಬುಟ್ರೆ ನಾನು ಬರೀ ಮೊಮ್ಮಕ್ಳ ಅಜ್ಜಿ ಕಣಮ್ಮ," ಅಂದರು. ಆ ವಾರವೆಲ್ಲ ಕೆಳಗಿನಿಂದ ಅವರ ಹೆಜ್ಜೆ ಕೇಳುತ್ತಿತ್ತು. ನೀರು ತುಂಬಿದ ಚೊಂಬನ್ನು ಚಾಚಿದ ಕೈಯಲ್ಲಿ ಹಿಡಿದು ಹಜಾರದಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದರಂತೆ. ಇದು ಸೊಸೆ ಹೇಳಿದ್ದು, ನಾನು ನೋಡಿದ್ದಲ್ಲ.

ಭಾನುವಾರ. ಇನ್ಸ್‌ಪೆಕ್ಟರು ಸಮವಸ್ತ್ರದಲ್ಲೇ ಬಂದಿದ್ದರು. ತುಂಬುವಾಗ ಮಾತಾಡಿಸಬಾರದು ಎಂದು ಕೋಚು ಹೇಳುವಷ್ಟರಲ್ಲಿ ಅವರು ಮೇಜಿನ ಪಕ್ಕಕ್ಕೇ ಹೋಗಿ, ಇದು ಎಲ್ಲಿಯದು, ಎಷ್ಟು ಹಳೇದು, ಮದ್ದು ಎಲ್ಲಿ ಸಿಗುತ್ತೆ ಎಂದು ಕೇಳತೊಡಗಿದರು. ಓನರಮ್ಮ ಉತ್ತರ ಕೊಡುತ್ತಲೇ ತುಂಬಿದರು. ಅವತ್ತಿನ ಕಥೆ ಹರಾಜಿನದು. ಗುಂಡು ಹಾಕಿ, ಗಜದಿಂದ ದೂಡಿ, ಮುಂದೆ ಬಂದು ನಿಂತು, ಕೇಪು ಕೂರಿಸಿ, ಕೈ ಚಾಚಿದರು.

ಟಪ್ ಎಂದಿತು. ಅಷ್ಟೇ. ಕೇಪು ಸಿಡಿದ ಸದ್ದು ಮಾತ್ರ. ಹೊಗೆಯಿಲ್ಲ.

ಇಂಥ ಪಿಸ್ತೂಲಿನಲ್ಲಿ ಕಿಡಿ ಕೆಲವೊಮ್ಮೆ ಒಳಗೆ ತಡವರಿಸಿಕೊಂಡು ಹೋಗುತ್ತದೆ, ಗುಂಡು ತಡವಾಗಿ ಹಾರಬಹುದು. ಹಾಗಾಗಿ ಕೇಪು ಸಿಡಿದು ಗುಂಡು ಹಾರದಿದ್ದರೆ ಕೈ ಇಳಿಸಬಾರದು, ತಿರುಗಬಾರದು, ಬಗ್ಗಿ ನೋಡಬಾರದು. ನಳಿಗೆ ಗುರಿಯ ಕಡೆಗೇ ಇರಬೇಕು. ಕಾಯಬೇಕು. ಇನ್ಸ್‌ಪೆಕ್ಟರಿಗೆ ಅದು ಗೊತ್ತಿರಲಿಲ್ಲ. "ಏನಾಯ್ತಮ್ಮಾ?" ಎಂದು ಮುಂದಕ್ಕೆ ಹೆಜ್ಜೆ ಇಟ್ಟರು.

"ಅಲ್ಲೇ ನಿಂತ್ಕಳಿ ಸಾಹೇಬ್ರೆ." ಓನರಮ್ಮ ಕತ್ತು ತಿರುಗಿಸಲಿಲ್ಲ, ದನಿ ಏರಿಸಲಿಲ್ಲ. "ನಾನು ಯೋಳೋಗಂಟ ಯಾರೂ ಮುಂದಕ್ಕೆ ಬರ್ಬೇಡಿ."

ಇನ್ಸ್‌ಪೆಕ್ಟರು ನಿಂತರು. ಪಕ್ಕದವರು ಹೊಡೆಯುವುದನ್ನು ನಿಲ್ಲಿಸಿದರು. ಚಾಚಿದ ಆ ಕೈ, ಅದರ ತುದಿಯಲ್ಲಿ ಆ ಕಬ್ಬಿಣದ ಭಾರ, ಮೊಣಕೈಗೆ ಜಾರಿದ ಬಳೆಗಳು. ಅವು ಒಂದಿಷ್ಟೂ ಸದ್ದು ಮಾಡಲಿಲ್ಲ. ಕೈ ನಡುಗಲೇ ಇಲ್ಲ ಎಂದು ಬರೆಯಲು ಆಸೆ. ಕೊನೆಕೊನೆಗೆ ಸ್ವಲ್ಪ ನಡುಗಿರಬಹುದು. ನಳಿಗೆ ಮಾತ್ರ ಗುರಿ ಬಿಟ್ಟು ಸರಿಯಲಿಲ್ಲ. ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ಹೊರಗೆ ರಸ್ತೆಯಲ್ಲಿ ಒಂದು ಬಸ್ಸು ಬಂದು, ನಿಂತು, ಜನರನ್ನು ಇಳಿಸಿ ಹೋಯಿತು.

ಅದೇ ಕೈಯನ್ನು ಹಾಗೇ ಇಟ್ಟು ಎಡಗೈಯಿಂದ ಇನ್ನೊಂದು ಕೇಪು ಹಾಕಿದರು. ಮತ್ತೆ ಟಪ್. ಮತ್ತೆ ಕಾದರು. ಆಮೇಲೆ ನಳಿಗೆ ಗುರಿಯ ಕಡೆಗೇ ಇರುವಂತೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಹೇಳಿದರು: "ಮದ್ದು ಆಕಿಲ್ಲ. ತಪ್ಪು ನನ್ದೇ."

ಮುಗಿಯಿತು ಎಂದುಕೊಂಡೆ. ಅವರು ಮಾತ್ರ ಪೆಟ್ಟಿಗೆಯಿಂದ ತಿರುಪಿನ ತುದಿಯ ಕಡ್ಡಿ ತೆಗೆದು, ಗುಂಡಿಗೆ ಚುಚ್ಚಿ, ಬಾವಿಯಿಂದ ಕೊಡ ಎಳೆಯುವಂತೆ ಅದನ್ನು ಹೊರಗೆ ಎಳೆದರು. ನಳಿಗೆ ಒರೆಸಿದರು. ಇನ್ಸ್‌ಪೆಕ್ಟರು ಮತ್ತೆ ಏನೋ ಕೇಳಲು ಬಾಯಿ ತೆರೆದಾಗ ಕೋಚು ಅವರ ತೋಳು ಹಿಡಿದರು. ಮದ್ದು. ಬೀಜ. ಗುಂಡು. ಈ ಸಲ ಢಂ ಎಂದು ಹೊಗೆ ಮೋಡದಂತೆ ಎದ್ದಿತು. ತಿಳಿಯಾದಾಗ ಕಾಗದದ ಕರಿಯ ವೃತ್ತದ ಅಂಚಿನಲ್ಲಿ ತೂತು ಕಂಡಿತು. ನಟ್ಟನಡುವೆ ಅಲ್ಲ, ಅಂಚಿನಲ್ಲಿ.

ಇನ್ಸ್‌ಪೆಕ್ಟರು ಹತ್ತಿರ ಬಂದರು. ಬರುವ ಮುನ್ನ, "ಬರ್ಲಾ ಅಮ್ಮಾ?" ಎಂದು ಕೇಳಿದರು. ಅದು ನನಗೆ ಸ್ಪಷ್ಟವಾಗಿ ನೆನಪಿದೆ.

"ನಮ್ಮ ಹುಡುಗ್ರಿಗೂ ಒಂದಿನ ಬಂದು ಹೇಳ್ಕೊಡ್ತೀರಾ?"

"ಮೊದ್ಲು ನನ್ನ ಪಿಸ್ತೂಲು ಮನೆಗೆ ಕಳ್ಸಿ. ಆಮೇಲೆ ನೋಡಾಣ."

ಮನೆಗೆ ಬಂತು. ಮರುದಿನ ಹಾಲಿನ ಅಂಗಡಿಯಲ್ಲಿ ಯಾರೋ, "ಇನ್ಸ್‌ಪೆಕ್ಟರನ್ನೇ ಗಪ್ ಅಂತ ನಿಲ್ಲಿಸಿದ್ರಂತಲ್ಲ, ಅವರ ಮನೇಲಾ ನೀವಿರೋದು?" ಎಂದರು. ನಾನು ಹೌದೆಂದೆ. ನನ್ನ ಬರಹಕ್ಕೆ ಸಿಕ್ಕ ಯಾವ ಮೆಚ್ಚುಗೆಗೂ ನಾನು ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ಈಗ ನನ್ನನ್ನು ಕಾಡುವ ಮಾತಿಗೆ ಬರುತ್ತೇನೆ. ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಅವರು ನನಗೆ ಒಂದು ಮಾತು ಹೇಳಿದ್ದರು: "ಗುರಿಗೆ ಒಡದು ತೋರ್ಸದು ಏನು ಮಹಾ. ಗುಂಡು ಆರ್ದೇ ಇದ್ದಾಗ ನಾನೆಂಗೆ ನಿಲ್ತೀನಿ ಅಂತ ನೋಡ್ಬೇಕು ಆವಯ್ಯ." ಈ ಮಾತು ಆ ಭಾನುವಾರದ ಹಿಂದಿನ ದಿನದ್ದೋ ಮುಂದಿನ ದಿನದ್ದೋ? ಹಿಂದಿನದಾದರೆ, ಅಷ್ಟು ವರ್ಷ ಒಮ್ಮೆಯೂ ಮಾಡದ ತಪ್ಪನ್ನು ಅವರು ಅವತ್ತು ಬೇಕೆಂದೇ ಮಾಡಿದರು. ಮುಂದಿನದಾದರೆ, ಮರೆತು ಮಾಡಿದ ತಪ್ಪಿನ ಎದುರು ಹಾಗೆ ನಿಂತರು. ಎರಡರಲ್ಲಿ ಯಾವುದು ದೊಡ್ಡದೆಂದು ತೂಗಿ ತೂಗಿ ಸೋತಿದ್ದೇನೆ. ಅವರೆಕಾಯಿಯ ಸೊನೆ ಕೈಗೆ ಅಂಟಿದ್ದು ನೆನಪಿದೆ, ವಾರ ನೆನಪಿಲ್ಲ.

ಅವರನ್ನು ನೇರವಾಗಿಯೇ ಕೇಳಿದ್ದೆ. ಒಗೆಯುವ ಕಲ್ಲಿನ ಹತ್ತಿರ ನಳಿಗೆಗೆ ನೀರು ಹೊಯ್ಯುತ್ತ ನಕ್ಕರು. "ನೀನು ಬರ್ಯೋಳು. ಯಾವ್ದು ಚೆಂದಾಗಿದ್ಯೋ ಅದನ್ನ ಬರ್ಕೊ ಓಗು."

ಅವರು ತೀರಿಕೊಂಡಾಗ ನಾನು ಆ ಮನೆ ಬಿಟ್ಟು ಚಾಮರಾಜಪುರಂಗೆ ಬಂದಿದ್ದೆ. ಮತ್ತೊಂದು ಚುನಾವಣೆಯ ಸಮಯ, ಪಿಸ್ತೂಲು ಠಾಣೆಯಲ್ಲಿತ್ತು. ಲೈಸೆನ್ಸು ಅವರೊಂದಿಗೇ ಮುಗಿಯಿತು. ಮಕ್ಕಳು ಯಾರೂ ಅದನ್ನು ಕೇಳಲಿಲ್ಲ. ಅಂಗಳದಲ್ಲಿ ಮಲಗಿಸಿದ್ದಾಗ ಹೆಬ್ಬೆರಳು ನೋಡಿದೆ. ಯಾರೋ ಚೆನ್ನಾಗಿ ತೊಳೆದಿದ್ದರು. ಕೋಚು ಬಂದಿದ್ದರು. ಬೀಜದ ವಿಷಯ ಅವರನ್ನು ಕೇಳಿದೆ. ಆ ಭಾನುವಾರ ಮೊದಲ ಸಲ ತುಂಬುವಾಗ, ಮದ್ದು ಹಾಕದೆಯೇ, ಓನರಮ್ಮ ಬೀಜ ಸರಿಸಿದ್ದನ್ನು ನಾನು ಕಂಡಿದ್ದೇನೆ ಎಂದೆ. ಮಾತಿನ ಭರದಲ್ಲಿ ಕೈ ತಾನಾಗಿ ಸರಿಸಿಬಿಟ್ಟಿತು ಎಂಬುದು ನನ್ನ ಲೆಕ್ಕ. ಕೋಚು ತಲೆಯಾಡಿಸಿದರು. "ಇಲ್ಲಮ್ಮ, ನಾನು ಬೀಜವನ್ನೇ ನೋಡ್ತಾ ಇದ್ದೆ. ಸರಿಸ್ಲಿಲ್ಲ. ಇಲ್ದಿದ್ದನ್ನ ಇದೆ ಅಂತ ಆಯಮ್ಮ ಬೀಜಕ್ಕೂ ಸುಳ್ಳು ಹೇಳೋರಲ್ಲ."

ಇಬ್ಬರೂ ಅಲ್ಲೇ ನಿಂತಿದ್ದೆವು, ಇಬ್ಬರ ಕಣ್ಣೂ ಸರಿಯಾಗಿತ್ತು. ನಾನು ಕಂಡದ್ದು ನಿಜವಾದರೆ ಅದು ಮರೆವು, ಕೋಚು ಕಂಡದ್ದು ನಿಜವಾದರೆ ಬೇಕೆಂದೇ ಮಾಡಿದ್ದು. ಆ ದಿನ ಅವರು ಕೈ ಇಳಿಸಲಿಲ್ಲ, ಅದು ಖಂಡಿತ. ನಳಿಗೆಯಲ್ಲಿ ಮದ್ದು ಇರಲಿಲ್ಲ, ಅದೂ ಖಂಡಿತ. ಯಾಕೆ ಇರಲಿಲ್ಲ ಎಂಬುದು ನನಗೆ ಗೊತ್ತಿಲ್ಲ.