ಶೆಟ್ರನ್ನು ಕೆಫೆಗೆ ಕರೆದದ್ದು

ಗೆಳೆಯರೇ, ಹೋಟೆಲು ನಡೆಸುವವರನ್ನು ಮೀಟಿಂಗಿಗೆಂದು ಇನ್ನೊಬ್ಬರ ಹೋಟೆಲಿಗೆ ಕರೆಯಬೇಡಿ. ಇವತ್ತು ನಾನು ಕರೆದೆ.

ದಾದರಿನಲ್ಲಿ ಉಡುಪಿ ಹೋಟೆಲಿಟ್ಟಿರುವ ಶೆಟ್ರಿಗೆ ಇಡ್ಲಿಹಿಟ್ಟು ರುಬ್ಬುವ ಹೊಸ ಗ್ರೈಂಡರ್ ಮಾರಬೇಕಿತ್ತು. ಅವರ ಗಲ್ಲಾದ ಎದುರು ನಿಂತರೆ ಗಿರಾಕಿಗಳ ನಡುವೆ ನನ್ನ ಮಾತು ಯಾರು ಕೇಳುತ್ತಾರೆ? ಅದಕ್ಕೇ ಬಾಂದ್ರಾದ ಒಂದು ಎಸಿ ಕೆಫೆಗೆ ಬರಹೇಳಿದೆ.

ನಾನು ಮೋಟಾರಿನ ಗುಣಗಾನ ಶುರುಮಾಡಿದೆ. ಶೆಟ್ರ ಕಣ್ಣು ಮೂಲೆಯ ಖಾಲಿ ಟೇಬಲಿನ ಮೇಲಿತ್ತು.

"ಅವರು ಎದ್ದು ಹೋಗಿ ಎಷ್ಟು ಹೊತ್ತಾಯ್ತು ಮಾರಾಯ್ರೆ. ಕಪ್ಪು ಎತ್ತುವವರು ಯಾರೂ ಇಲ್ವಾ ಇಲ್ಲಿ?"

"ಶೆಟ್ರೇ, ಈ ಮೋಟಾರು..."

"ಒಂದ್ನಿಮಿಷ ಇರಿ."

ಶೆಟ್ರು ಎದ್ದು ಹೋದವರೇ ಬಾಗಿಲಲ್ಲಿ ಕಾಯುತ್ತಿದ್ದ ಗಂಡಹೆಂಡಿರನ್ನು "ಆಯಿಯೇ, ಬೈಠಿಯೇ" ಎಂದು ಕರೆತಂದು ಕೂರಿಸಿದರು. ಪಾಪ, ಅವರು ಇವರನ್ನೇ ಮಾಲೀಕರೆಂದು ತಿಳಿದು ಕಾಫಿ ಹೇಳಿದರು. ಶೆಟ್ರು ಒಳಗೆ ತಿರುಗಿ, "ದೋ ಕಾಫಿ" ಎಂದು ಕೂಗಿಯೇಬಿಟ್ಟರು. ಕೆಫೆಯವರು ತಂದೂಕೊಟ್ಟರು.

"ಗ್ರೈಂಡರ್ ವಿಷಯ?" ಎಂದೆ.

"ನಮ್ಮಲ್ಲಿಗೇ ಬನ್ನಿ, ಆರಾಮಲ್ಲಿ ಮಾತಾಡುವ. ಇಲ್ಲಿ ರಶ್ ಉಂಟಲ್ವಾ" ಎಂದು ಹೊರಟೇಹೋದರು.

ಮುಂಬೈಯಲ್ಲಿ ತಿನ್ನಲು, ಕುಡಿಯಲು ಏನೂ ಸಿಗದ ಜಾಗ ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.