ಪೊಟ್ಟಣದೊಳಗೆ ಗಾಳಿ: ಮಲಾಡಿಗೆ ಹೋಗಿಬಂದದ್ದು

ಕುಂದಾಪುರದಿಂದ ಹೊರಟ ರೈಲು ಕುರ್ಲಾ ಟರ್ಮಿನಸ್ ಮುಟ್ಟಿದಾಗ ಬೆಳಗಾಗಿತ್ತು. ದಾರಿಯುದ್ದಕ್ಕೂ ನಿದ್ದೆ ಹತ್ತಿರಲಿಲ್ಲ. ನಾನೂ ನನ್ನ ಅತ್ತಿಗೆ ವನಜಕ್ಕನೂ ತೆಂಗಿನಕಾಯಿ ಅರೆದು ಹಾಕಿದ ಗಟ್ಟಿ ಸಾರು, ಕಡ್ಲೆ ಗಸಿ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಪೊಟ್ಟಣಕ್ಕೆ ತುಂಬಿ, ಹಬೆಯ ಯಂತ್ರದಲ್ಲಿ ಕಾಯಿಸಿ ಮಾರುತ್ತೇವೆ. ಫ್ರಿಜ್ ಇಲ್ಲದೆ ಆರು ತಿಂಗಳು ಇಡಬಹುದು ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ್ದೆವು. ಮೂರನೇ ತಿಂಗಳಿಗೇ ಮುಂಬಯಿಯಿಂದ ದೂರು ಬಂದಿತ್ತು.

ಸಾಂತಾಕ್ರೂಜ್‌ಗೆ ಆಟೋ ಹಿಡಿದೆ. ಟ್ರಾಫಿಕ್ಕಿನಲ್ಲಿ ನಿಂತು ನಿಂತು ಸೆಕೆಗೆ ಸೀರೆಯೆಲ್ಲ ಒದ್ದೆಯಾಯಿತು. ಅಲ್ಲಿ ನಮ್ಮೂರಿನ ಸುಧಾಕರಣ್ಣನ ಹೋಟೆಲಿದೆ. ಗಲ್ಲಾಪೆಟ್ಟಿಗೆಯ ಪಕ್ಕದ ಕಪಾಟಿನಲ್ಲಿ ನಮ್ಮ ಪೊಟ್ಟಣಗಳನ್ನಿಟ್ಟು ಮಾರುವವರು ಅವರೇ. ನನಗೆ ಇಡ್ಲಿ ತರಿಸಿ, ಒಂದು ಪೊಟ್ಟಣ ಕತ್ತರಿಸಿ ತಟ್ಟೆಗೆ ಸುರಿದರು. ಗಸಿಯ ಬಣ್ಣ ಕಂದಿತ್ತು. ತೆಂಗಿನಕಾಯಿಯ ಕಮಟು ವಾಸನೆ ಮೂಗಿಗೆ ಬಡಿಯಿತು.

"ಹುಳಿ ಬರ್ಲಿಲ್ಲ ಸುಮಿತ್ರಾ, ಪೊಟ್ಟಣ ಉಬ್ಬಲೂ ಇಲ್ಲ. ಆದ್ರೆ ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ. ಗಿರಾಕಿಗಳು ವಾಪಸ್ ತಂದು ಕೊಡ್ತಾರೆ."

ಇಡ್ಲಿಯ ತಟ್ಟೆ ಸರಿಸಿ, ಕತ್ತರಿಸಿದ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡೆ.

ಲೋಕಲ್ ರೈಲು ಹತ್ತಿದೆ. ಅಂಧೇರಿಯವರೆಗೆ ನಿಂತೇ ಹೋದೆ, ಆಮೇಲೆ ಮೂವರು ಕೂರುವ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಜಾಗ ಸಿಕ್ಕಿತು. ಮಲಾಡಿನಲ್ಲಿ ನಮಗೆ ಖಾಲಿ ಪೊಟ್ಟಣ ಮಾರುವವರ ಕಚೇರಿ. ಅಲ್ಲಿನ ಪ್ರಾಚಿ ಎಂಬ ಹುಡುಗಿಯ ತಂದೆತಾಯಿ ವಿಜಯಪುರದ ಕಡೆಯವರಂತೆ.

"ಆಂಟಿ, ನಂಗ ಕನ್ನಡ ತಿಳೀತೈತಿ, ಮಾತಾಡಾಕ ಥೋಡಾ ಕಷ್ಟ," ಎಂದು ಪೊಟ್ಟಣದ ಅಂಚನ್ನು ಬೆಳಕಿಗೆ ಹಿಡಿದಳು. ಒಂದೇ ಹಾಳೆಯಂತೆ ಕಂಡರೂ ಅದು ಹಲವು ಪದರಗಳನ್ನು ಅಂಟಿಸಿದ್ದು. "ಬೀಚ್‌ನ, ಅಂದ್ರ ನಡುವಿನ ಲೇಯರ್ ಹವಾ ತಡೀತೈತಿ. ಆದ್ರ ಸ್ಟೀಮ್‌ನಾಗ ಅದು ನೀರು ಹೀರತೈತಿ. ಒಣಗೂ ತನಕ ಹವಾ ಒಳಗ ಹೋಗತೈತಿ. ನಿಮ್ಮದ್ರಾಗ ತೆಂಗಿನೆಣ್ಣಿ ಭಾಳ, ಹವಾ ಹತ್ತಿದ್ರ ಕಮಟು ಆಗತೈತಿ. ಅಲ್ಯೂಮಿನಿಯಂ ಫಾಯಿಲ್ ಇರೋ ಪೌಚ್ ತಗೋರಿ."

"ಒಳಗಿನದು ಕಾಣುವುದಿಲ್ಲವಲ್ಲ?"

"ಕಾಣಂಗಿಲ್ಲ ಆಂಟಿ."

ಗಸಿ ಕಾಣಬೇಕು, ಕಂಡರೇ ಜನ ಕೊಳ್ಳುತ್ತಾರೆ ಎಂದು ಹಠ ಹಿಡಿದವಳು ನಾನು. ಫಾಯಿಲಿನ ಮಾದರಿ ಪೊಟ್ಟಣಗಳ ಒಂದು ಕಟ್ಟು ತೆಗೆದುಕೊಂಡು ಸಾಂತಾಕ್ರೂಜ್‌ಗೆ ಮರಳಿದೆ. ಕಪಾಟಿನಲ್ಲಿದ್ದ ಅಷ್ಟೂ ಪೊಟ್ಟಣಗಳನ್ನು ನಾನೇ ಇಳಿಸಿ, ಕತ್ತರಿಸಿ, ಹಿತ್ತಲ ಕಸದ ಡ್ರಮ್ಮಿಗೆ ಸುರಿದೆ. ಸುಧಾಕರಣ್ಣ ಬೆಳ್ಳಿಬಣ್ಣದ ಮಾದರಿಯನ್ನು ಮಗುಚಿ ನೋಡಿದರು.

"ಹೊಸದು ಮಾಡಿ ಕಳಿಸು. ಕಾಣದಿದ್ರೆ ಏನಾಯ್ತು, ಒಳಗೆ ಎಂತ ಉಂಟು ಅಂತ ನಾನು ಹೇಳ್ತೇನೆ."

ಮಧ್ಯಾಹ್ನದ ರೈಲು ಪನ್ವೇಲ್ ದಾಟಿದ ಮೇಲೆ ವನಜಕ್ಕನಿಗೆ ಫೋನ್ ಮಾಡಿದೆ. ಮನೆಯಲ್ಲಿರುವ ದಾಸ್ತಾನನ್ನೂ ಎಸೆಯಬೇಕು ಎಂದೆ. ಅವರು ಕೇಳಿದ್ದು ಇಷ್ಟೇ:

"ಹೊಸ ಗಸಿಗೆ ನಾಳೆಗೆ ಕಾಯಿ ಹೇಳಿಡ್ಲಾ?"

"ನಾಡಿದ್ದಿಗೆ ಹೇಳಿ ಅಕ್ಕ," ಎಂದೆ. "ನಾಳೆ ನಾನು ಮಲಗ್ತೇನೆ."